ಅತ್ತೆಯ ತಲೆಯ ಮೇಲೆ ಪಾರಿವಾಳ

ಕನ್ನಡ ನಾಡು ಒಂದಾದ ವರ್ಷ ನಾನು ಮುಂಡರಗಿಯಲ್ಲಿ ಶಾಲಾಮಾಸ್ತರನಾಗಿದ್ದೆ. ಕಪ್ಪತಗುಡ್ಡದ ಬುಡದಲ್ಲಿ ಹಸಿರು ಪಾರಿವಾಳ ಕಂಡೆನೆಂದು ಶಾಲೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಪಾರಿವಾಳ ಹಸರ ಇರತಾವೇನ್ರಿ? ಗಿಳಿ ನೋಡಿರ್ತೀರಿ!" ಎಂದು ಕಲ್ಲಪ್ಪ ಮಾಸ್ತರರು ಎಲ್ಲರೆದುರು ನಕ್ಕರು. ಮರುದಿನದಿಂದ ಊರಿಗೆಲ್ಲ ನಾನು 'ಗಿಳಿ ಮಾಸ್ತರ'!

ಮಾನ ಉಳಿಯಬೇಕಾದರೆ ಫೋಟೋ ಬೇಕು. ನನ್ನ ಭಾವಮೈದುನ ಡಂಬಳದಲ್ಲಿ ತನ್ನ ತಾಯಿಯ ಫೋಟೋ ತೆಗೆದು, ನಾನು ಗದಗದಲ್ಲಿ ರೀಲು ತೊಳೆಸಿ ತರಲೆಂದು ತನ್ನ ಡಬ್ಬಿ ಕ್ಯಾಮೆರಾವನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ನನ್ನ ಅತ್ತೆ, ಮಗನ ಕಾಟಕ್ಕೆ ಜೀವಮಾನದಲ್ಲಿ ಮೊದಲ ಸಲ ಕೂತಿದ್ದರು.

"ಅವ್ವನ ಫೋಟೋ ಹಾಳಾದ್ರ ನಾ ತವರಮನಿಗೆ ಹೆಂಗ ಹೋಗ್ಲಿ?" ಎಂದಳು ಹೆಂಡತಿ ಶಾರದಾ.

"ನಾ ಅದೀನಲ್ಲ!" ಎಂದೆ.

ಭಾನುವಾರ ಹೊರಟೆ. ಗುಡ್ಡದ ದಾರಿಯಲ್ಲಿ ಕಟ್ಟಿಗೆ ಆರಿಸುತ್ತಿದ್ದ ಮುದುಕಿ ತಡೆದಳು. "ಮಟಮಟ ಮಧ್ಯಾಹ್ನ ಆ ಆಲದ ಗಿಡದ ಬುಡಕ್ಕ ಹೋಗಬ್ಯಾಡ್ರಿ. ಸಿಳ್ಳು ಹಾಕತೈತಿ."

"ಯಾರಬೇ?"

ಮುದುಕಿ ಕಟ್ಟಿಗೆಯ ಹೊರೆ ತಲೆಗೇರಿಸಿ ಸರಸರ ನಡೆದುಬಿಟ್ಟಳು.

ಮರದಡಿ ಕತ್ತಲೆ, ತಂಪು. ಒಂದೆಲೆಯೂ ಅಲುಗುತ್ತಿರಲಿಲ್ಲ. ಆದರೂ ಟಪ್, ಟಪ್ ಎಂದು ಹಣ್ಣು ಬೀಳುತ್ತಿದ್ದವು. ಆಮೇಲೆ ಸಿಳ್ಳು. ಮೆಲ್ಲಗೆ, ಏರುತ್ತ ಇಳಿಯುತ್ತ, ಥೇಟ್ ಮನುಷ್ಯರ ಹಾಗೆ.

"ಯಾರದು?"

ಸಿಳ್ಳು ನಿಂತಿತು. ಹಣ್ಣು ಬೀಳುವುದೂ ನಿಂತಿತು. ನನ್ನ ಮಾತನ್ನು ಮರ ಕೇಳಿಸಿಕೊಂಡಂತಿತ್ತು. ಮರುಗಳಿಗೆ ನನ್ನ ಬೆನ್ನ ಹಿಂದೆಯೇ ಇನ್ನೊಂದು ಸಿಳ್ಳು!

ಕತ್ತೆತ್ತಿದೆ. ಎಲೆಗಳ ನಡುವೆ ಎರಡು ಕಾಲು. ಅರಿಶಿಣ ಹಚ್ಚಿದಂಥ ಹಳದಿ ಕಾಲು. ಮೇಲೆ ಮೈಯೇ ಇಲ್ಲ!

ಹಸಿರು ಪಾರಿವಾಳದ ಕೂಗು ಸಿಳ್ಳಿನಂತೆ, ಕಾಲು ಹಳದಿ, ಮೈ ಎಲೆಯೊಳಗೆ ಕರಗಿಹೋಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಮಾತ್ರ ಗೊತ್ತಿರಲಿಲ್ಲ.

ಎಲೆಯೊಂದು ಕಣ್ಣು ತೆರೆದು ನನ್ನನ್ನು ನೋಡಿತು. ಬೆರಳು ತಾನಾಗಿಯೇ ಗುಂಡಿ ಒತ್ತಿತು. ಕ್ಲಿಕ್! ಇಡೀ ಮರವೇ ಭರ್ರೆಂದು ಮೇಲೆದ್ದಂತಾಯಿತು. ನಾನು ಓಡಿದೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮೂರು ದಿನ ಜ್ವರ.

ಗದಗದ ಫೋಟೋ ಅಂಗಡಿಯವನು ಲಕೋಟೆ ಕೊಡುವಾಗ ನನ್ನ ಮುಖ ನೋಡಲಿಲ್ಲ. "ಮಾಸ್ತರ್ರ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?"

ಗುಂಡಿ ಒತ್ತುವ ಮೊದಲು ರೀಲನ್ನು ಮುಂದಕ್ಕೆ ಸುತ್ತಬೇಕಿತ್ತು. ಭಾವಮೈದುನನೂ ಸುತ್ತಿರಲಿಲ್ಲ, ನಾನೂ ಸುತ್ತಲಿಲ್ಲ! ಎರಡೂ ಫೋಟೋ ಒಂದರ ಮೇಲೊಂದು ಬಿದ್ದು, ಕತ್ತಲೆಯ ಕೊಂಬೆಗಳ ನಡುವೆ ಅತ್ತೆಯವರು ಬೆಳ್ಳಗೆ ತೇಲುತ್ತಿದ್ದರು. ಎದೆಯ ಮೂಲಕ ಬಿಳಲು ಹಾದುಹೋಗಿತ್ತು.

ಶಾರದಾ ನೋಡಿ ಒಳಗೆ ಹೋದವಳು ಎರಡು ದಿನ ನನಗೆ ತಂಗಳು ರೊಟ್ಟಿಯನ್ನೇ ಬಡಿಸಿದಳು. ಮೂರನೆಯ ದಿನ ಡಂಬಳದಿಂದ ಅತ್ತೆಯವರೇ ಬಂದರು. ಫೋಟೋವನ್ನು ಬಹಳ ಹೊತ್ತು ನೋಡಿದರು.

"ಅಳಿಯಂದ್ರ, ನಾ ಇನ್ನೂ ಬದುಕೀನಲ್ರಿ?"

"ಖರೇನ ಬದುಕೀರಿ!"

"ಮತ್ತ ಗಿಡದಾಗ ಯಾಕ ಕುಂತೀನಿ?"

ನನಗಿದ್ದ ಸಮಾಧಾನ ಒಂದೇ: ಅತ್ತೆಯ ನೆತ್ತಿಯ ಮೇಲೆ ಸ್ಪಷ್ಟವಾಗಿ ಒಂದು ಪಾರಿವಾಳ! ಮರುದಿನ ಎದೆಯುಬ್ಬಿಸಿ ಶಾಲೆಗೆ ಒಯ್ದು ಕಲ್ಲಪ್ಪ ಮಾಸ್ತರರ ಮುಂದಿಟ್ಟೆ.

ಅವರು ಬೆಳಕಿಗೆ ಹಿಡಿದು ನೋಡಿದರು. "ಪಾರಿವಾಳ ಖರೆ ಐತ್ರಿ. ಹಸರ ಎಲ್ಲೈತಿ?"

ಫೋಟೋ ಕಪ್ಪು-ಬಿಳುಪಿನದು. ಬಣ್ಣ ಸಾಧಿಸಲು ಹೊರಟವನಿಗೆ ಅದು ಹೊಳೆದೇ ಇರಲಿಲ್ಲ. ಅಂದಹಾಗೆ, ಶಾಲೆಯಲ್ಲಿ ನಾನು ಕಲಿಸುತ್ತಿದ್ದ ವಿಷಯ ಗಿಡಮರ, ಪ್ರಾಣಿಪಕ್ಷಿಗಳ ಸೃಷ್ಟಿಜ್ಞಾನ!