ಮೂವತ್ತೆರಡಕ್ಕೆ ಮೂವತ್ತೆರಡು

ಬದರಿನಾಥನ ಆಫೀಸ್ ಕಂಪ್ಯೂಟರಿನಲ್ಲಿ 'ಫೈನಲ್' ಎಂಬ ಹೆಸರಿನ ಫೈಲುಗಳು ಏಳಿದ್ದವು. ಏಳಕ್ಕೂ ನಾಮಕರಣ ಮಾಡಿದವನು ಅವನೇ. ಅವುಗಳಲ್ಲಿ ಪರೀಕ್ಷೆ ಪಾಸಾದ ಸಾಫ್ಟ್‌ವೇರ್ ಪ್ಯಾಕೇಜು ಒಂದೇ ಒಂದು. ಅದನ್ನು ಐದು ಗಂಟೆಯೊಳಗೆ ಪಾಮರ್ಸ್ಟನ್ ನಾರ್ತ್ ಊರಿನ ಗಿರಾಕಿಗೆ ಕಳಿಸಬೇಕು. ಮೂರು ತಿಂಗಳ ಪ್ರೊಬೇಷನ್ ಮುಗಿಯುವುದೂ ಇವತ್ತೇ. ತಪ್ಪು ಫೈಲು ಹೋದರೆ ಕೆಲಸ ಖಾಯಂ ಆಗುವ ಮಾತೇ ಇಲ್ಲ.

ಮ್ಯಾನೇಜರ್ ರತ್ನಪ್ರಭಾ ಧಾರವಾಡದವರು. "ಹೆಸರು ನೋಡಬ್ಯಾಡ್ರಿ, ಸೈಜ್ ನೋಡಬ್ಯಾಡ್ರಿ. ಹ್ಯಾಶ್ ಒಂದ ನೋಡ್ರಿ" ಎಂದರು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆರಳ ಗುರುತು. ಒಳಗಿರುವುದನ್ನೆಲ್ಲ ಅರೆದು ಕಂಪ್ಯೂಟರು ಕೊಡುವ ಮೂವತ್ತೆರಡು ಅಕ್ಷರ. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬದಲು.

ಶುಕ್ರವಾರ ಮನೆಗೆ ಹೋಗುವ ಅಪ್ಪರ್ ಹಟ್ ರೈಲಿಗೆ ಹೊತ್ತಾಯಿತೆಂದು ಬದರಿ ಅವಸರದಲ್ಲಿ ಪಾಸಾದ ಫೈಲನ್ನು ಕಾಪಿ ಮಾಡಿ, ಹ್ಯಾಶನ್ನು ಚೀಟಿಯಲ್ಲಿ ಬರೆದುಕೊಂಡು ಓಡಿದ್ದ. ಚೀಟಿ ಈಗ ಮನೆಯ ಫ್ರಿಜ್ ಮೇಲಿತ್ತು. ಮನೆಯ ಇನ್ನೊಂದು ಕೀಲಿ ಪಕ್ಕದ ಮನೆಯ ಲೀಲಾವತಿ ಆಂಟಿಯ ಹತ್ತಿರವಿತ್ತು. ಬದರಿ ಅವರಿಗೆ ಫೋನು ಮಾಡಿದ.

ಆಂಟಿ ಚೀಟಿಯನ್ನು ತಮ್ಮ ಮನೆಗೇ ಒಯ್ದು ಫೋನಿನಲ್ಲಿ ಓದತೊಡಗಿದರು. "ಡಿ, ನಾಲ್ಕು, ಒಂದು, ಡಿ, ಎಂಟು... ತಾಳಪ್ಪ, ಕುಕ್ಕರ್ ಕೂಗ್ತಿದೆ."

ಮರಳಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಅವರಿಗೆ ಮರೆತಿತ್ತು. ಮತ್ತೆ ಮೊದಲಿಂದ ಶುರು. ಹತ್ತನೆಯ ಅಕ್ಷರಕ್ಕೆ ಕನ್ನಡಕ ಬದಲಾಯಿಸಿದರು. ಮತ್ತೆ ಮೊದಲಿಂದ.

"ಅಷ್ಟೂ ಯಾಕೋ ಬದರಿ? ಜಾತಕದಲ್ಲಿ ಮೂವತ್ತಾರಕ್ಕೆ ಹದಿನೆಂಟು ಗುಣ ಕೂಡಿದ್ರೆ ಮದುವೇನೇ ಮಾಡ್ತೀವಿ!"

"ಇಲ್ಲಿ ಎಲ್ಲಾ ಕೂಡ್ಬೇಕು ಆಂಟಿ!"

ಪಕ್ಕದ ಮೇಜಿನ ಗುರುದತ್, "ಸ್ಪೀಕರ್ ಹಾಕು ಗುರೂ" ಎಂದ. ಬದರಿ ಏಳೂ ಫೈಲುಗಳ ಹ್ಯಾಶ್ ತೆರೆದಿಟ್ಟಿದ್ದ; ಆಂಟಿ ಅಕ್ಷರ ಓದಿದಂತೆ ಹೊಂದದ ಫೈಲುಗಳು ಉದುರಿದವು. ನಾಲ್ಕೂ ಮುಕ್ಕಾಲಿಗೆ ಐದನೆಯ ಫೈಲು ಕೊನೆಯ ಅಕ್ಷರದವರೆಗೂ ಕೂಡಿತು. ಆಫೀಸೇ ಚಪ್ಪಾಳೆ ತಟ್ಟಿತು. ಬದರಿಯ ಕಣ್ಣು ಒದ್ದೆಯಾಯಿತು. ಫೈಲು ಹೊರಟಿತು.

ಐದೂಕಾಲಿಗೆ ರತ್ನಪ್ರಭಾ ಗಿರಾಕಿಯ ಜೊತೆ ಮಾತಾಡಿ ಫೋನು ಕೆಳಗಿಟ್ಟು ಬಂದರು. "ಫೈಲಿನಾಗ ಏನೂ ಇಲ್ಲಂತಲ್ರಿ? ಖಾಲಿ ಐತಂತ!"

ಬದರಿಗೆ ಆಗ ಹೊಳೆಯಿತು. ಶುಕ್ರವಾರ ಹೊಸ ಫೈಲಿನ ಹೆಸರಷ್ಟೇ ಮೂಡಿತ್ತು; ಒಳಗೆ ಏನೂ ಕಾಪಿಯಾಗುವ ಮೊದಲೇ ಅವನು ಅದರ ಹ್ಯಾಶ್ ತೆಗೆದಿದ್ದ. ಬರೆದುಕೊಂಡದ್ದು ಖಾಲಿ ಫೈಲಿನ ಗುರುತು. ರೈಲಿಗೆ ಓಡುವ ಭರದಲ್ಲಿ ಕಾಪಿಯೂ ಅಲ್ಲೇ ನಿಂತಿತ್ತು.

"ಸೈಜ್ ನೋಡಬ್ಯಾಡ್ರಿ ಅಂತ ನೀವೇ ಹೇಳಿದ್ರಿ ಮೇಡಂ..."

"ಇನ್ನ ಮೂರು ತಿಂಗಳ ಪ್ರೊಬೇಷನ್ ಮಾಡ್ರಿ. ಅದರಾಗ ಸೈಜೂ ನೋಡೂಣಂತ."

ಸಂಜೆ ಗೇಟಿನಲ್ಲೇ ಕಾಯುತ್ತಿದ್ದ ಆಂಟಿ ಕೇಳಿದರು, "ಎಲ್ಲಾ ಕೂಡ್ತು ಅಂದ್ಯಲ್ಲೋ, ಮುಖ ಯಾಕೆ ಹೀಗಿದೆ?"

"ಗುಣ ಎಲ್ಲಾ ಕೂಡಿತ್ತು ಆಂಟಿ. ಮಂಟಪದಲ್ಲಿ ಗಂಡೇ ಇರ್ಲಿಲ್ಲ."