ಹೆಂಡತಿಗೆ ಕಟ್ಟಿಕೊಟ್ಟ ಅಡ್ಡಿ

ಮದುವೆಯಾದಂದಿನಿಂದ ನನ್ನ ಹೆಂಡತಿ ನನ್ನ ಮೇಲೆ ಹೊರಿಸುತ್ತ ಬಂದಿರುವ ಏಕೈಕ ಆರೋಪವೆಂದರೆ ನಾನು ಎಲ್ಲದಕ್ಕೂ ಅಡ್ಡಿ ಎಂಬುದು. ಅಂಥವಳು ಒಂದು ಭಾನುವಾರ ನನ್ನೆದುರು ನಿಂತು, "ರೀ, ನನಗೊಂದು ಅಡ್ಡಿ ಮಾಡ್ಕೊಡ್ತೀರಾ?" ಎಂದರೆ ಯಾವ ಗಂಡ ತಾನೇ ಬೆಚ್ಚಿಬೀಳುವುದಿಲ್ಲ?

"ಅಡ್ಡಿಯಿಲ್ಲ" ಎಂದೆ.

"ಇಲ್ಲ ಅಂತಲೇ ಕೇಳ್ತಿರೋದು. ಮರದ್ದು ಬೇಕು. ಸೈಕಲ್ ಹತ್ತಿಸೋಕೆ."

ಆ ಸೈಕಲ್ಲಿನ ವಿಷಯ ಹೇಳಬೇಕು. ಅದಕ್ಕೆ ಸೀಟೇ ಇಲ್ಲ. (ಮನೆಗೆ ತಂದ ದಿನ ಯಾರೋ ಸೀಟು ಕದ್ದಿದ್ದಾರೆಂದು ನಾನು ಬೀದಿಯವರೆಗೂ ಓಡಿದ್ದೆ.) ಅದರ ಮೇಲೆ ನಿಂತುಕೊಂಡೇ ಕಲ್ಲು, ದಿಮ್ಮಿ, ಗೋಡೆ ಎಲ್ಲವನ್ನೂ ಕುಪ್ಪಳಿಸಿ ಹತ್ತಬೇಕು, ಕಾಲು ಮಾತ್ರ ನೆಲಕ್ಕೆ ತಾಗಬಾರದು. ಟ್ರಯಲ್ಸ್ ಅನ್ನುತ್ತಾರಂತೆ. ನನ್ನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಜನರಿಗೆ ಅಕ್ಷರ ಓದಿಸಿ ಕನ್ನಡಕದ ನಂಬರು ಹೇಳುವವಳು. ತಲೆಯಲ್ಲಿ ನರೆ ಬಂದಿದೆ. ಅವಳಿಗೇಕೆ ಈ ಮಂಗನಾಟ ಎಂದು ನೀವು ಕೇಳಬಹುದು. ನಾನು ಕೇಳಲಿಲ್ಲ. ಕಾರಣ ನನಗೆ ಗೊತ್ತಿತ್ತು.

ಅವಳ ತಾಯಿ, ಅಂದರೆ ನಮ್ಮ ಅತ್ತೆ, ನಮ್ಮ ನಡುಕೋಣೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಿಸುವುದು, ತಲೆ ಬಾಚುವುದು, ಗಂಟಲಿಗೆ ಚಮಚದಲ್ಲಿ ಗಂಜಿ ಇಳಿಸುವುದು ಎಲ್ಲ ಇವಳದೇ. ಹೋದ ವರ್ಷ ಅತ್ತೆ ತೀರಿಕೊಂಡರು. ಅಲ್ಲಿಂದ ಇವಳು ಮಾತು ಬಿಟ್ಟಳು. ಮಲಗುವವರಿಲ್ಲದ ಹಾಸಿಗೆಯ ಚಾದರವನ್ನು ಒಗೆದು ಮಡಚಿಡುತ್ತಿದ್ದಳು. ಔಷಧಿಯ ಹೊತ್ತಿಗೆ ಸರಿಯಾಗಿ ಎದ್ದು ನಿಂತು, ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂರುತ್ತಿದ್ದಳು. ನಾನೇ ಕಾಲು ಕೆರೆದು ಜಗಳಕ್ಕೆ ಹೋದರೂ "ಹೌದಾ" ಎಂದು ಸುಮ್ಮನಾಗುತ್ತಿದ್ದಳು. ಜಗಳವಿಲ್ಲದ ಸಂಸಾರ ಎಷ್ಟು ಭಯಂಕರ ಎಂಬುದು ಅನುಭವಿಸಿದವರಿಗೇ ಗೊತ್ತು.

ಆಸ್ಪತ್ರೆಯಿಂದ ಬರುವ ದಾರಿಯ ಮೈದಾನದಲ್ಲಿ ಯಾರೋ ಹೀಗೆ ಸೈಕಲ್ ಕುಪ್ಪಳಿಸುವುದನ್ನು ಕಂಡಳಂತೆ. "ಅದರ ಮೇಲೆ ನಿಂತಾಗ ತಲೇಲಿ ಬೇರೇನೂ ಇರಲ್ಲ ರೀ" ಎಂದಳು ಒಮ್ಮೆ. ಅಷ್ಟೇ ಹೇಳಿದ್ದು.

ಸರಿ, ಕಟ್ಟಲು ಹೊರಟೆ. ಆದರೆ ನನ್ನ ಕಸುಬು ಏನೆಂದು ಹೇಳಲಿಲ್ಲ ಅಲ್ಲವೇ? ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾಧಿಕಾರಿ. ಏಣಿ ಕಂಡರೆ ಉಳಿದವರು ಹತ್ತುವುದನ್ನು ಯೋಚಿಸುತ್ತಾರೆ. ನನಗೆ ಸಂಬಳ ಕೊಡುವುದು ಬೀಳುವುದನ್ನು ಯೋಚಿಸಲು.

ನಮ್ಮ ಗೋದಾಮಿನಲ್ಲಿ ಪೆಟ್ಟಿಗೆಗಳ ಅಡಿಗೆ ಹಾಕುವ ಪ್ಯಾಲೆಟ್‌ಗಳು, ಅಂದರೆ ಹಲಗೆ ಬಡಿದ ಮರದ ಚೌಕಟ್ಟುಗಳು, ಹಳತಾಗಿ ಮೂಲೆಯಲ್ಲಿ ಬಿದ್ದಿದ್ದವು. ಸಾಹೇಬರ ಅಪ್ಪಣೆ ಪಡೆದು ಹಿತ್ತಲಿಗೆ ಸಾಗಿಸಿದೆ. ಒಂದರ ಮೇಲೊಂದು ಪೇರಿಸಿ ಮೆಟ್ಟಿಲಿನಂತೆ ಮಾಡಿ ಎಂದಿದ್ದಳು. ಪೇರಿಸಿದೆ. ಅಲುಗಾಡದಂತೆ ಸ್ಕ್ರೂ ಬಿಗಿದೆ. ಹಲಗೆಗಳ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡರೆ? ಮೇಲೆ ಪ್ಲೈವುಡ್ ಬಡಿದೆ. ಜಾರಿದರೆ? ರಬ್ಬರು ಅಂಟಿಸಿದೆ. ಬಿದ್ದರೆ? ಸುತ್ತ ಹಳೆಯ ಹಾಸಿಗೆ ಹಾಸಿದೆ. ಹಾಸಿಗೆಯಿಂದಾಚೆ ಬಿದ್ದರೆ? ನಿದ್ದೆ ಬರಲಿಲ್ಲ. ಕಡೆಗೆ ಎರಡೂ ಬದಿಗೆ ಸೊಂಟದೆತ್ತರದ ಕಟಕಟೆ ನಿಲ್ಲಿಸಿ, ಮನೆಯಲ್ಲಿ ಉಳಿದಿದ್ದ ಬಿಳಿ ಬಣ್ಣವನ್ನೂ ಬಳಿದೆ.

"ಬಾರೇ, ಲೋಕಾರ್ಪಣೆ!" ಎಂದು ಕೂಗಿದೆ.

ಸೈಕಲ್ ತಳ್ಳಿಕೊಂಡು ಬಂದಳು. ನಿಂತಳು. ಬಿಳಿಯ ಕಟಕಟೆಯ ಮೇಲೆ ಕೈಯಿಟ್ಟು ಈ ತುದಿಯಿಂದ ಆ ತುದಿಯವರೆಗೆ ಸವರಿದಳು.

"ಅಮ್ಮನ ಮಂಚ" ಎಂದಳು.

ಆಗ ನನಗೂ ಕಂಡಿತು. ಅತ್ತೆ ಉರುಳಿ ಬೀಳದಿರಲೆಂದು ಆಸ್ಪತ್ರೆಯವರಿಂದ ತಂದಿದ್ದ ಮಂಚ. ಅದೇ ಬಿಳಿ, ಅದೇ ಕಂಬಿ. ಹೆಚ್ಚೆಂದರೆ ನನ್ನದು ಇನ್ನಷ್ಟು ಗಟ್ಟಿಯಾಗಿತ್ತು.

ಸೈಕಲ್ಲನ್ನು ಗೋಡೆಗೊರಗಿಸಿ ಒಳಗೆ ಹೋದಳು. ನಡುಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು.

ಅಳು ಬಂತು, ಸಿಟ್ಟೂ ಬಂತು. ಕೈಗೆ ಸಿಕ್ಕ ಸಲಾಕೆ ಹಿಡಿದು ಮೇಲೆ ಹತ್ತಿ ಕಟಕಟೆ ಕೀಳತೊಡಗಿದೆ. ತಲೆಗೆ ಹೆಲ್ಮೆಟ್ ಇಲ್ಲ, ಕೈಗೆ ಗವಸಿಲ್ಲ, ಕಾಲಿಗೆ ಬಚ್ಚಲುಮನೆಯ ಚಪ್ಪಲಿ. (ಈ ವೇಷದಲ್ಲಿ ಯಾವನಾದರೂ ಕಾರ್ಖಾನೆಯಲ್ಲಿ ಕಂಡಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ.) ಒಂದು ಬದಿ ಬಂತು. ಇನ್ನೊಂದು ಬದಿ ಜಪ್ಪಯ್ಯ ಎಂದರೂ ಬರಲಿಲ್ಲ. ಸ್ಕ್ರೂ ಬಿಗಿದವನು ನಾನಲ್ಲವೇ? ಕಾಲು ಕೊಟ್ಟು ಎಳೆದೆ. ಬಂತು. ಅದರ ಜೊತೆಗೆ ನಾನೂ ಹೋದೆ. ಹಾಸಿಗೆ ಸಾಲದೆ ಒಂದೇ ಒಂದು ಕಡೆ ಬರಿನೆಲ ಬಿಟ್ಟಿದ್ದೆ. ಸರಿಯಾಗಿ ಅಲ್ಲಿಗೇ ಹೋದೆ.

ಸದ್ದಿಗೆ ಓಡಿ ಬಂದಳು. "ಅಲ್ಲಾಡ್ಬೇಡಿ. ಎಲ್ಲಿ ನೋವು? ಇಲ್ಲೇನಾ?"

"ಅಯ್ಯೋ!"

"ಅಲ್ಲೇ."

ಆಸ್ಪತ್ರೆಯಲ್ಲಿ ಡಾಕ್ಟರು ಕಾಲಿಗೆ ಪ್ಲಾಸ್ಟರು ಸುತ್ತುತ್ತ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. ನಾನು ಚಾವಣಿ ನೋಡಿದೆ.

"ಬೀಳಬೇಡಿ ಅಂತ ಹೇಳೋ ಕೆಲಸ ಡಾಕ್ಟ್ರೇ" ಎಂದಳು.

ನಮ್ಮ ಮಲಗುವ ಕೋಣೆ ಮಹಡಿಯಲ್ಲಿ. ಮೆಟ್ಟಿಲು ಹತ್ತುವಂತಿಲ್ಲ. ಆದ್ದರಿಂದ ನನ್ನನ್ನು ಮಲಗಿಸಿದ್ದು ನಡುಕೋಣೆಯಲ್ಲಿ. ಕಾಲಡಿಗೆ ದಿಂಬು, ಪಕ್ಕದಲ್ಲಿ ಮಾತ್ರೆ. ಯಾವ ಕೋಣೆಯಿಂದ ಅವಳನ್ನು ಹೊರಗೆ ತರಬೇಕೆಂದಿದ್ದೆನೋ ಅದೇ ಕೋಣೆಗೆ ಹೊಸ ರೋಗಿಯೊಬ್ಬನನ್ನು ಒದಗಿಸಿದ್ದೆ.

"ನಿಂಗೆ ಮತ್ತೆ ಇದೇ ಗತಿ ಆಯ್ತಲ್ಲೇ" ಎಂದೆ.

"ಅಮ್ಮ ಇಷ್ಟು ಮಾತಾಡ್ತಿರಲಿಲ್ಲ. ಕಾಲು ಎತ್ತಿ."

"ನಾನೇ ಎತ್ಕೋತೀನಿ."

"ಎತ್ಕೊಂಡಿದ್ದು ನೋಡಿದೀನಲ್ಲ! ಸುಮ್ನಿರಿ."

ಅದು ಜಗಳದ ದನಿಯೇ. ಆದರೂ ನಂಬಲು ಧೈರ್ಯ ಸಾಲಲಿಲ್ಲ.

ಮರುದಿನ ಸಂಜೆ ಮಂಚವನ್ನು ಹಿತ್ತಲ ಕಿಟಕಿಯ ಕಡೆ ತಿರುಗಿಸಿ, "ನಾನು ಒಳಗೆ ಬರೋವರೆಗೂ ಕರೀಬೇಡಿ. ಮೇಲಿರುವಾಗ ಕೂಗಿದ್ರೆ ಬೀಳ್ತೀನಿ" ಎಂದು ಹೊರಗೆ ಹೋದಳು.

ಮುಂದಿನ ಚಕ್ರ ಎತ್ತಿದಳು. ಹಿಂದಿನ ಚಕ್ರ ಕುಪ್ಪಳಿಸಿತು. ಮೊದಲ ಮೆಟ್ಟಿಲು. ಎರಡನೆಯದು. ಇತ್ತ ನನಗೆ, ಹೇಳಲು ಸಂಕೋಚ, ಬಚ್ಚಲಿನ ಅವಸರ ಶುರುವಾಯಿತು. ಅವಳ ಹೆಗಲಿಲ್ಲದೆ ಏಳುವಂತಿಲ್ಲ. ಅವಳು ತುದಿಗೆ ಹತ್ತಿ, ಕಟಕಟೆಯಿಲ್ಲದ ಹಲಗೆಯ ಮೇಲೆ ಅಲುಗದೆ ನಿಂತುಬಿಟ್ಟಳು. ನಿಂತಳು, ನಿಂತಳು, ನಿಂತೇ ಇದ್ದಳು. ಬೀಳುತ್ತಾಳೆಂಬ ಭಯ ಒಂದು ಕಡೆ, ಇಳಿಯುವುದೇ ಇಲ್ಲವೆಂಬ ಭಯ ಇನ್ನೊಂದು ಕಡೆ. ದಿಂಬು ಕಚ್ಚಿಕೊಂಡೆ.

ಕೊನೆಗೆ ಧೊಪ್ಪೆಂದು ಇಳಿದು ಕಿಟಕಿಗೆ ಬಂದಳು. ಏದುಸಿರು, ಹಣೆಯಲ್ಲಿ ಬೆವರು. ಎಷ್ಟೋ ದಿನದ ಮೇಲೆ ನೆಟ್ಟಗೆ ನನ್ನ ಮುಖ ನೋಡಿದಳು.

"ನೋಡಿದ್ರಾ?"

"ನೋಡ್ದೆ."

"ಇನ್ನೊಂದ್ಸಲ ತೋರಿಸ್ಲಾ?"

ನಾನು ದಿಂಬನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ.

"ತೋರಿಸು" ಎಂದೆ.