ಬೀಗರ ಕಾರು

ಹಳೆಯ ಕಾರು ಕೊಂಡು, ಅದು ಮೂರನೆಯ ದಿನಕ್ಕೇ ಕೆಟ್ಟು ನಿಂತರೆ ಏನು ಮಾಡಬೇಕು ಎಂದು ಕಕ್ಷಿಗಾರರು ಯಾರಾದರೂ ಕೇಳಿದ್ದರೆ ನಾನು ಎಲೆ ಅಡಿಕೆ ಮೆಲ್ಲುತ್ತಲೇ ಉತ್ತರ ಹೇಳಿಬಿಡುತ್ತಿದ್ದೆ. ಮಾರಿದವನ ಮನೆಗೆ ಹೋಗು, ನಾಲ್ಕು ಜನರ ಎದುರಿಗೆ ಕೇಳು, ಬಗ್ಗದಿದ್ದರೆ ನೋಟೀಸು ಕೊಡೋಣ. ಹೊಳೆನರಸೀಪುರದಲ್ಲಿ ಇಪ್ಪತ್ತು ವರ್ಷ ವಕೀಲಿ ಮಾಡಿದವನಿಗೆ ಇದೇನು ಮಹಾ? ಎತ್ತು ಕೊಂಡವರಿಗೂ ಎಮ್ಮೆ ಕೊಂಡವರಿಗೂ ಇದೇ ಬುದ್ಧಿ ಹೇಳಿ ಕಳಿಸಿದ್ದೇನೆ. ಆದರೆ ಮಾರಿದವರು ನಮ್ಮ ಮಗಳ ಮಾವನವರೇ ಆಗಿದ್ದರೆ ಏನು ಮಾಡಬೇಕು ಎಂಬುದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ಚನ್ನರಾಯಪಟ್ಟಣದ ನಮ್ಮ ಬೀಗರು ಕೊಬ್ಬರಿ ಮಂಡಿಯ ಯಜಮಾನರು, ದೊಡ್ಡ ಕುಳ. ನಮ್ಮ ಜಯಳನ್ನು ಅವರ ಮನೆಗೆ ಕೊಟ್ಟು ಆರು ತಿಂಗಳಾಗಿತ್ತು. ಮಂಡಿಗೆ ಲಾರಿ ಬಂದ ಮೇಲೆ ಅವರ ಕರಿಯ ಕಾರು ಮೂಲೆ ಸೇರಿದೆ ಎಂದು ತಿಳಿಯಿತು. ಹೊರಗಿನವರ ಹತ್ತಿರ ಕೊಂಡು ಟೋಪಿ ಹಾಕಿಸಿಕೊಳ್ಳುವುದಕ್ಕಿಂತ ನಮ್ಮವರ ಹತ್ತಿರ ಕೊಳ್ಳುವುದೇ ವಾಸಿ ಎಂದು ನಾನೇ ಹೋಗಿ ಕೇಳಿದೆ. ಕಾರಿನಿಂದ ಇಳಿದರೆ ಕೋರ್ಟಿನ ಜವಾನನೂ ಎದ್ದು ನಿಂತಾನು ಎಂಬ ಆಸೆಯೂ ಇತ್ತು, ಮುಚ್ಚಿಡುವುದೇಕೆ. ಬೀಗರು ಪಾಪ, "ಅದು ಬೋ ಹಳೇದು ಬೀಗ್ರೇ, ನಿಮಗ್ಯಾಕೆ" ಎಂದು ಎರಡು ಸಲ ಹೇಳಿದರು. ದೊಡ್ಡವರ ಸೌಜನ್ಯ ಎಂದುಕೊಂಡೆ. ಸಾಕ್ಷಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಎಂದು ಕಿರಿಯ ವಕೀಲರಿಗೆ ದಿನಾ ಪಾಠ ಹೇಳುವವನು ನಾನೇ.

ಮೂರನೆಯ ದಿನ ಒಂದು ಕೇಸಿಗೆಂದು ಅರಕಲಗೂಡಿಗೆ ಹೊರಟಿದ್ದೆ. ದಾರಿಯ ಒಂದು ಏರಿನಲ್ಲಿ ಕಾರು ಒಮ್ಮೆ ನಡುಗಿ, ಮೂತಿಯಿಂದ ಹಬೆ ಬಿಟ್ಟು ನಿಂತುಬಿಟ್ಟಿತು. ನಾನು ಕರಿಕೋಟು ತೊಟ್ಟು ಕಡತ ಹಿಡಿದು ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಮಾಡಿದೆ. ಮಾರನೆಯ ದಿನ ಕಾರನ್ನು ಊರಿಗೆ ಎಳೆಸಿ ತಂದು, ನಮ್ಮೂರಿನಲ್ಲಿ ಲಾರಿ ರಿಪೇರಿ ಮಾಡುವ ಸಿದ್ದಯ್ಯನಿಗೆ ತೋರಿಸಿದೆ. ಅವನು ಬಾನೆಟ್ ಎತ್ತಿ ಅರ್ಧ ಗಂಟೆ ತಲೆ ತೂರಿಸಿಕೊಂಡಿದ್ದು ಹೊರಗೆ ಬಂದ.

"ಸಾ, ದೀಪ ಚೆನ್ನಾಗವೆ, ಸೀಟು ಚೆನ್ನಾಗವೆ. ಓಡಕ್ಕೆ ಬೇಕಾದ ಸಾಮಾನು ಮಾತ್ರ ಯಾವ್ದೂ ಸರಿಯಿಲ್ಲ ಕಣ್ ಸಾ. ಎಳಕೊಂಡೋಗಿ ಕೊಟ್ಟೋರ ಮನೆ ಮುಂದ್ಕೇ ಬುಟ್ಬುಟ್ ಬನ್ನಿ. ಯಾರ್ ಸಾ ಕೊಟ್ಟೋರು?"

"ನಮ್ಮ ಬೀಗರು" ಎಂದೆ.

ಸಿದ್ದಯ್ಯ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ. "ಅಂಗಾದ್ರೆ ಚೆನ್ನಾಗದೆ ಬುಡಿ ಸಾ" ಎಂದ.

ನನ್ನ ಹೆಂಡತಿಯ ತೀರ್ಪೂ ಅದೇ ಆಯಿತು. "ಕಾರಿನ ವಿಷಯ ಬಾಯಿ ಬಿಟ್ಟೀರಿ, ಜೋಕೆ. ನೀವು ಇಲ್ಲಿ ಅಂದದ್ದು ಅಲ್ಲಿ ನನ್ನ ಮಗಳ ತಟ್ಟೆಗೆ ಬಂದು ಬೀಳ್ತದೆ" ಎಂದಳು. ನಿಜವೇ. ಆರು ತಿಂಗಳ ಸೊಸೆ ಅತ್ತೆಯ ಮನೆಯಲ್ಲಿ ಇನ್ನೂ ಬೇರು ಬಿಡುತ್ತಿರುತ್ತಾಳೆ. ಅಪ್ಪನ ಒಂದು ಕೊಂಕು ಮಾತು ಸಾಕು, ಅವಳ ಅನ್ನಕ್ಕೆ ಕಲ್ಲು. ಹಾಸನದ ಕೋರ್ಟಿನಲ್ಲಿ ಚನ್ನರಾಯಪಟ್ಟಣದವರು ಯಾರೇ ಸಿಕ್ಕಿ "ಕಾರು ಹೇಗಿದೆ?" ಎಂದರೂ "ಚೆನ್ನಾಗಿದೆ" ಎನ್ನತೊಡಗಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವಕೀಲನ ನಾಲಗೆ ಒಂದು ಪದಕ್ಕೆ ನಿಲ್ಲುತ್ತದೆಯೇ? ಸಂಸಾರ ಸಮೇತ ಗೊರೂರಿಗೆ ಹೋಗಿ ಬಂದೆವು, ಲೋಟದ ಕಾಫಿ ತುಳುಕಲಿಲ್ಲ ಎಂದೆ. ಏರು ಕಂಡರೆ ಅದಕ್ಕೆ ಹುರುಪು ಎಂದೆ. ಕಾರು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕದಲ್ಲಿ ಹಾಯಾಗಿತ್ತು. ಬಿಸಿಲಿದ್ದಾಗ ಅಂಗಳಕ್ಕೆ ತಳ್ಳುತ್ತಿದ್ದೆವು. ನನ್ನವಳು ಅದರ ನೆತ್ತಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಆ ವರ್ಷದಷ್ಟು ಗರಿಗರಿಯಾದ ಸಂಡಿಗೆ ನಾನು ತಿಂದಿಲ್ಲ.

ಒಂದು ದಿನ ಜಯಳ ಕಾಗದ ಬಂತು. "ಅಪ್ಪಾ, ದಯವಿಟ್ಟು ಕಾರನ್ನು ಹೊಗಳುವುದು ನಿಲ್ಲಿಸಿ. ಅಂಥಾ ಲಕ್ಷ್ಮಿಯಂಥ ಗಾಡೀನ ಕೊಟ್ಟುಬಿಟ್ಟಿರಲ್ಲ ಎಂದು ಅತ್ತೆ ದಿನಾ ಮಾವನವರ ಮೇಲೆ ಹಾರಾಡುತ್ತಾರೆ. ಎಂಟು ದಿನದಿಂದ ಇಬ್ಬರಿಗೂ ಮಾತಿಲ್ಲ. ನಾನೇ ಕಾರನ್ನು ಸೆರಗಿನಲ್ಲಿ ಕಟ್ಟಿಕೊಂಡು ತೌರಿಗೆ ಸಾಗಿಸಿದೆ ಎನ್ನುವ ಹಾಗೆ ನನ್ನನ್ನು ನೋಡುತ್ತಾರೆ. ಭಾನುವಾರ ಬಂದು ವಾಪಸು ಕೇಳುತ್ತಾರಂತೆ." ಮಗಳ ತಟ್ಟೆಗೆ ಬಿದ್ದದ್ದು ನನ್ನ ಹೊಗಳಿಕೆಯೇ.

ಭಾನುವಾರ ಬೀಗರು ಬೀಗಿತ್ತಿ ಇಬ್ಬರೂ ಬಂದರು. ಊಟವಾಗಿ ಎಲೆ ಅಡಿಕೆ ಮುಂದೆ ಬಂದಾಗ ಬೀಗರು ಮಾತೆತ್ತಿ ಕಾರು ವಾಪಸು ಕೇಳಿದರು. ಕಾರು ಕೊಟ್ಟು ಕಳಿಸಿದರೆ ಅದು ಊರು ದಾಟುವುದಿಲ್ಲ, ದಾಟದಿದ್ದರೆ ನಾನು ಕೆಡಿಸಿದೆ ಎಂದಾಗುತ್ತದೆ. ಬೇರೆ ದಾರಿಯೇ ಕಾಣದೆ ನಿಜ ಹೇಳಿದೆ. "ಬೀಗರೇ, ಆ ಕಾರು ಓಡುವುದಿಲ್ಲ. ಮೂರನೆಯ ದಿನವೇ ಕೆಟ್ಟಿತು. ನಾವು ಗೊರೂರಿಗೆ ಹೋಗಿದ್ದು ಬಸ್ಸಿನಲ್ಲಿ."

ಬೀಗರು ಮುಗುಳ್ನಕ್ಕರು. ಬೀಗಿತ್ತಿ, "ಕೊಡಕ್ಕೆ ಮನಸಿಲ್ದಿದ್ರೆ ಇಲ್ಲ ಅನ್ನಿ ಅಣ್ಣ. ಗಾಡೀನ ಯಾಕೆ ಬಯ್ತೀರಾ" ಎಂದರು.

ಸಾಕ್ಷ್ಯಾಧಾರ ಒದಗಿಸುತ್ತೇನೆಂದು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಸಂಡಿಗೆಯ ಪಂಚೆ ತೆಗೆಸಿ, ಕಾರಿನ ಮೂತಿಗೆ ಹ್ಯಾಂಡಲು ತೂರಿಸಿ, ಉಟ್ಟ ಪಂಚೆ ಎತ್ತಿ ಕಟ್ಟಿ ಒಂದು ಸುತ್ತು ತಿರುಗಿಸಿದೆ. ಒಂದೇ ಸುತ್ತು. ಅರಕಲಗೂಡಿನ ಏರಿನಿಂದ ಈಚೆಗೆ ಒಂದು ದಿನವೂ ಉಸಿರೆತ್ತದ ಪ್ರಾಣಿ ಗುರ್ ಎಂದು ಎದ್ದು ನಿಂತಿತು. ಸಿದ್ದಯ್ಯ ಅವತ್ತು ಏನನ್ನು ಬಿಗಿದು ಹೋಗಿದ್ದನೋ ದೇವರೇ ಬಲ್ಲ. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೀಗಿತ್ತಿ ಕಾರಿನ ಬೆನ್ನು ಸವರಿ, "ಇಷ್ಟೊಂದು ಆಸೆ ಇದ್ರೆ ನೀವೇ ಮಡೀಕಳಿ ಬುಡಿ. ಎಲ್ಲಿದ್ರೇನು, ನಮ್ ಜಯನ ತೌರಲ್ವಾ" ಎಂದರು. ತಮ್ಮ ಮನೆಯ ಪದಾರ್ಥಕ್ಕಾಗಿ ಒಬ್ಬ ವಕೀಲ ಇಷ್ಟು ಹಟ ಹಿಡಿದನಲ್ಲ ಎಂದು ಅವರ ಮುಖ ಅರಳಿತ್ತು. ಕಾಫಿಗೆಂದು ಎಲ್ಲರೂ ಒಳಗೆ ಹೋದರು. ಹಿಂದೆ ಇಂಜಿನು ಕೆಮ್ಮಿ ನಿಂತದ್ದು ನನಗೊಬ್ಬನಿಗೇ ಕೇಳಿಸಿತು.

ವಾರದೊಳಗೆ ಜಯ ಮತ್ತೆ ಬರೆದಳು. ಅತ್ತೆ ಮಾವ ಮಾತಾಡುತ್ತಿದ್ದಾರೆ, ಅತ್ತೆಗೆ ಈಗ ತನ್ನನ್ನು ಕಂಡರೆ ಬಹಳ ಅಕ್ಕರೆ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ ಎಂದಿತ್ತು. ಓದಿ ನನ್ನ ಕಣ್ಣು ಒದ್ದೆಯಾಯಿತು. ಕೊನೆಯ ಸಾಲು ಹೀಗಿತ್ತು: "ನಿಮ್ಮಪ್ಪಂಗೆ ಸುಳ್ಳೇಳಕ್ಕೇ ಬರಾಕಿಲ್ಲ ಕಣವ್ವ, ಎಂಗೆ ವಕೀಲರಾದ್ರೋ ಎಂದು ಅತ್ತೆ ಬಂದವರ ಎದುರಿಗೆಲ್ಲ ನನಗೆ ಹೇಳಿ ನಗುತ್ತಾರೆ." ತಿಂಗಳುಗಟ್ಟಲೆ ಬಾಯಿ ತುಂಬ ಸುಳ್ಳು ಹೇಳಿ, ಒಂದೇ ಒಂದು ದಿನ ನಿಜ ಹೇಳಿದ್ದಕ್ಕೆ ನನಗೆ ಬಂದ ಹೆಸರು ಇದು. ಚನ್ನರಾಯಪಟ್ಟಣದ ಕಡೆಯಿಂದ ಕಕ್ಷಿಗಾರರು ಬರುವುದೂ ಸ್ವಲ್ಪ ಕಡಿಮೆಯಾಗಿದೆ. ಮಗಳು ಸುಖವಾಗಿದ್ದಾಳೆ, ನಾನು ಅಪೀಲು ಹೋಗಿಲ್ಲ.